ಫೋನಿನಲ್ಲಿ ತೀರಿಸಿದ ಮುಯ್ಯಿ

ಅಕ್ಕ ಕಚೇರಿಯ ವೇಳೆಯಲ್ಲಿ ನನಗೆ ಫೋನ್ ಮಾಡುವವಳಲ್ಲ. ಬಬಲೇಶ್ವರದಿಂದ ಏನಾದರೂ ಹೇಳುವುದಿದ್ದರೆ ಸಂಜೆ ಹೇಳುತ್ತಾಳೆ, ಊಟ ಆಯಿತೇ ಎಂದು ಕೇಳಿ ಮುಗಿಸುತ್ತಾಳೆ. ಅದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಕುಡಿಯುವ ನೀರಿನ ಸಭೆಯೊಂದನ್ನು ಮುಗಿಸಿಕೊಂಡು ಬಂದು, ವಿಜಯಪುರದ ನಮ್ಮ ಪತ್ರಿಕಾ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದೆ.

“ತಮ್ಮಾ, ಪರ್ಮನೆಂಟ್ ಅಂದ್ರ ಪೂರಾ ಹೋದಂಗ ಏನೋ?”

“ಏನು ಹೋತು?”

“ಆಟ. ನಂದಷ್ಟ ಅಲ್ಲ, ಎಲ್ಲಾರದೂ ಹೋಗೇತಿ. ಟಿಕೋಟಾದವರದೂ.”

ಫೋನಿನ ಪರದೆಯ ಚಿತ್ರ ಕಳಿಸಿದಳು. ಇಂಗ್ಲಿಷಿನಲ್ಲಿ ಒಂದೆರಡು ಸಾಲು. ಆಟದ ನಿಯಮಗಳನ್ನು ಉಲ್ಲಂಘಿಸಿದ ಕಾರಣ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂದಿತ್ತು. ಯಾವ ನಿಯಮ, ಯಾವಾಗ, ಏನು ಮಾಡಿದ್ದರಿಂದ ಎಂಬುದಿಲ್ಲ. ಕೆಳಗೆ, ನಮ್ಮೊಂದಿಗೆ ಆಡಿದ್ದಕ್ಕೆ ಧನ್ಯವಾದ ಎಂದಿತ್ತು. ನೌಕರರ ಅಮಾನತು ಆದೇಶಗಳನ್ನು ಓದಿ ಓದಿ ನನಗೆ ಇಂಥ ಭಾಷೆ ಹೊಸದಲ್ಲ. ಆದರೆ ಅಮಾನತಾದವನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ.

“ನಾ ಏನ ತಪ್ಪ ಮಾಡೇನಿ ಅಂತ ಕೇಳಿ ಬರಿ,” ಎಂದಳು. “ನಂದು ಹೋದ್ರ ಹೋಗ್ಲಿ. ಅವರದು ನನ್ನ ಕೈಯಾಗಿತ್ತು.”

ಅವರದು ಅಕ್ಕನ ಕೈಯಲ್ಲಿ ಹೇಗಿತ್ತು ಎಂಬುದನ್ನು ಹೇಳಲು ಹಿಂದಿನ ಅಕ್ಟೋಬರಿಗೆ ಹೋಗಬೇಕು.

ನಮ್ಮ ಊರು ಟಿಕೋಟಾ. ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟು ಬಹಳ ವರ್ಷಗಳಾದವು. ಗಂಡನ ಮನೆಯವರಿಗೆ ಸ್ವಲ್ಪ ದ್ರಾಕ್ಷಿ ತೋಟವಿದೆ. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿ, ಎಂದರೆ ಬಳ್ಳಿಗೆ ಕತ್ತರಿ ಹಾಕಿ ಬಿಟ್ಟರೆ, ಕೆಲವೇ ದಿನಗಳಲ್ಲಿ ಚಿಗುರು ಒತ್ತೊತ್ತಾಗಿ ಒಡೆಯುತ್ತದೆ. ಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನು ಕೈಯಿಂದ ಮುರಿದು ತೆಗೆಯಬೇಕು. ಚಪ್ಪರದ ಕೆಳಗೆ ತಲೆ ಎತ್ತಿ, ಕೈ ಮೇಲೆ ಮಾಡಿಕೊಂಡು ಹಗಲೆಲ್ಲ ನಿಲ್ಲುವ ಕೆಲಸ. ತಡವಾದರೆ ಬೆಳೆ ಕೆಡುತ್ತದೆ. ಆ ದಿನಗಳಲ್ಲಿ ಸುತ್ತಲಿನ ಎಲ್ಲ ತೋಟಗಳಲ್ಲೂ ಅದೇ ಕೆಲಸ ನಡೆದಿರುವುದರಿಂದ ಕೂಲಿಗೆ ಜನ ಸಿಗುವುದಿಲ್ಲ. ಆ ವರ್ಷ ಅಕ್ಕನ ಬೆನ್ನು ಕೈಕೊಟ್ಟಿತ್ತು. ಬೆನ್ನಿನ ಮಣಿ ಜರುಗಿದೆ, ಬಗ್ಗಬೇಡಿ, ಭಾರ ಎತ್ತಬೇಡಿ, ಬಹಳ ಹೊತ್ತು ನಿಲ್ಲಬೇಡಿ ಎಂದು ಡಾಕ್ಟರು ಸೊಂಟಕ್ಕೆ ಬೆಲ್ಟು ಹಾಕಿ ಕಳಿಸಿದ್ದರು.

ಸುದ್ದಿ ಟಿಕೋಟಾಕ್ಕೆ ಮುಟ್ಟಿತು. ನಮ್ಮ ಚಿಗವ್ವನ ಮಗಳು ಓಣಿಯ ಹೆಂಗಸರನ್ನೂ, ಹೊನವಾಡಕ್ಕೆ ಕೊಟ್ಟ ಓಣಿಯ ಹೆಣ್ಣುಮಗಳೊಬ್ಬಳನ್ನೂ ಕೂಡಿಸಿ, ಟಂಟಂ ಗಾಡಿ ಮಾಡಿಕೊಂಡು ಬೆಳಕು ಹರಿಯುವಷ್ಟರಲ್ಲಿ ಬಬಲೇಶ್ವರದ ತೋಟದಲ್ಲಿ ಇಳಿದಳು. ಬುತ್ತಿಯನ್ನೂ ತಾವೇ ಕಟ್ಟಿಕೊಂಡು ಬಂದಿದ್ದರು. ಕೆಲಸ ಮುಗಿಯುವವರೆಗೂ ಹೀಗೆ ಬಂದು ಹೋದರು. ಅಕ್ಕ ಬದುವಿನ ಮೇಲೆ ಕುಳಿತು ಚಹಾ ಸೋಸಿ ಕೊಟ್ಟಳು. ಅಷ್ಟೇ ಅವಳಿಂದ ಆಗಿದ್ದು.

ಇದಕ್ಕೆ ನಮ್ಮಲ್ಲಿ ಮುಯ್ಯಾಳು ಎನ್ನುತ್ತಾರೆ. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ, ಕೆಲಸಕ್ಕೆ ಕೆಲಸ. ತೀರಿಸುವುದಕ್ಕೆ ಗಡುವು ಇಲ್ಲ, ಆದರೆ ತೀರಿಸಬೇಕು. ಮುಯ್ಯಿ ಉಳಿಸಿಕೊಂಡವಳಿಗೆ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ಮುಂದಿನ ಸಲ ಅವಳು ಕರೆದಾಗ ಎಲ್ಲರಿಗೂ ಬೇರೆ ಕೆಲಸವಿರುತ್ತದೆ, ಅಷ್ಟೇ.

ಈ ಹೆಂಗಸರೆಲ್ಲ ಮೊದಲಿನಿಂದಲೂ ಫೋನಿನಲ್ಲಿ ಒಂದು ಆಟ ಆಡುತ್ತಿದ್ದರು. ಅಕ್ಕನೂ ಅವರ ಗುಂಪಿನಲ್ಲಿದ್ದಳು. ಆಟವೆಂದರೆ ಒಕ್ಕಲುತನವೇ. ಒಬ್ಬೊಬ್ಬರಿಗೆ ಒಂದು ಹೊಲ, ದನಕರು, ಬಾವಿ. ಬಿತ್ತಬೇಕು, ನೀರು ಬಿಡಬೇಕು, ಕಸ ತೆಗೆಯಬೇಕು, ರಾಶಿ ಮಾಡಿ ಸಂತೆಗೆ ಒಯ್ಯಬೇಕು. ಗುಂಪುಗುಂಪುಗಳ ನಡುವೆ ಪೈಪೋಟಿ. ಗುಂಪಿನಲ್ಲಿ ಒಬ್ಬಳು ಹೊಲ ಒಣಗಿಸಿದರೆ ಎಲ್ಲರೂ ಕೆಳಗೆ ಇಳಿಯುತ್ತಾರೆ. ಗುಂಪಿನೊಳಗೆ ಧ್ವನಿ ಸಂದೇಶ ಕಳಿಸಬಹುದಾಗಿದ್ದರಿಂದ ಮದುವೆಯಾಗಿ ದೂರ ಹೋದವರೂ ದಿನವೂ ಒಂದೇ ಓಣಿಯಲ್ಲಿದ್ದಂತೆ ಮಾತಾಡುತ್ತಿದ್ದರು.

ಅಕ್ಕನ ಅತ್ತೆಗೆ ಇದು ಅರ್ಥವಾಗುತ್ತಿರಲಿಲ್ಲ. “ಹಗಲೆಲ್ಲಾ ಹೊಲದಾಗ ಕಸಾ ತಗೀತಾರ, ಮನಿಗೆ ಬಂದು ಫೋನಿನ್ಯಾಗ ಕಸಾ ತಗೀತಾರ,” ಎಂದು ನನ್ನ ಮುಂದೆ ದೂರು ಹೇಳಿದ್ದರು. “ಆ ಹೊಲದಾಗರ ಒಂದ ಚೀಲ ಜ್ವಾಳಾ ಬಂದಿದ್ರ ನಾನೂ ಕುಂದರತಿದ್ದೆ ನೋಡಪಾ.”

ಚಿಗವ್ವನ ಮಗಳನ್ನು ನಾನೇ ಒಮ್ಮೆ ಕೇಳಿದ್ದೆ, ದಿನವಿಡೀ ಮಾಡಿದ ಕೆಲಸವನ್ನೇ ಮತ್ತೆ ಮಾಡಲು ಬೇಸರವಾಗುವುದಿಲ್ಲವೇ ಎಂದು.

“ಉತಾರದಾಗ ನನ್ನ ಹೆಸರ ಇರೂದು ಇದೊಂದ ಹೊಲದ್ದು ನೋಡಣ್ಣಾ,” ಎಂದಿದ್ದಳು. ನಮ್ಮ ಕಡೆ ಪಹಣಿಗೆ ಉತಾರ ಎನ್ನುತ್ತಾರೆ. ಅವಳು ನಗುತ್ತಾ ಹೇಳಿದ್ದಳು. ನಾನೂ ನಕ್ಕು ಬಿಟ್ಟುಬಿಟ್ಟೆ.

ಫೆಬ್ರುವರಿ ಬಂದರೆ ಟಿಕೋಟಾದ ಸುತ್ತ ಒಣದ್ರಾಕ್ಷಿ ಶೆಡ್ಡುಗಳ ಹಂಗಾಮ. ಒಣಗಿದ ಹಣ್ಣನ್ನು ತೊಟ್ಟು ಕಿತ್ತು, ಬಣ್ಣ ನೋಡಿ ಆರಿಸುವ ಕೆಲಸಕ್ಕೆ ಓಣಿಯ ಹೆಂಗಸರೆಲ್ಲ ಹೋಗುತ್ತಾರೆ. ಆರಿಸಿದ ತೂಕದ ಮೇಲೆ ಕೂಲಿ. ಅವರು ಹೋಗುವ ಶೆಡ್ಡಿನಲ್ಲಿ ಫೋನು ಒಳಗೆ ಒಯ್ಯುವಂತಿಲ್ಲ. ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟಿರುತ್ತಾರೆ, ಅದರಲ್ಲಿ ಹಾಕಿ ಹೋಗಬೇಕು. ಸಂಜೆ ಮನೆಗೆ ಬಂದ ಮೇಲೆ ರೊಟ್ಟಿ ಬಡಿಯುವುದು, ನೀರು ತುಂಬುವುದು. ಆಟದ ಹೊಲಗಳು ಒಣಗತೊಡಗಿದವು. ಆಗ ಅಕ್ಕ ಗುಂಪಿಗೆ ಸಂದೇಶ ಕಳಿಸಿದಳು.

“ನಿಮ್ಮ ಹೊಲಾ ಎಲ್ಲಾ ನನಗ ಕೊಡ್ರಿ. ಹಂಗಾಮ ಮುಗಿಯೂತನಕಾ ನಾ ನೋಡ್ಕೋತೇನಿ. ಕುಂತಲ್ಲೆ ಆಗೂ ಕೆಲಸ. ನನ್ನ ಮುಯ್ಯಿ ಇದರಾಗ ತೀರಲಿ.”

“ಫೋನಿನ ಹೊಲಕ್ಕ ಮುಯ್ಯಾಳ ಬಂದಾಳ್ರೆವ್ವಾ,” ಎಂದು ಚಿಗವ್ವನ ಮಗಳು ನಕ್ಕಳಂತೆ. ಆದರೆ ಎಲ್ಲರೂ ಒಪ್ಪಿದರು. ಅಕ್ಕನ ಫೋನಿನಲ್ಲಿ ಅವರ ಖಾತೆಯನ್ನು ಮೊದಲ ಸಲ ತೆರೆಯಬೇಕಾದರೆ ಅವರ ಫೋನಿಗೆ ಒಂದು ಸಂಖ್ಯೆ ಬರುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಬುಟ್ಟಿಗೆ ಫೋನು ಹಾಕುವ ಮೊದಲು ಒಬ್ಬೊಬ್ಬಳೂ ಆ ಸಂಖ್ಯೆಯನ್ನು ಅಕ್ಕನಿಗೆ ಓದಿ ಹೇಳಿದಳು. ಪಾಸ್‌ವರ್ಡುಗಳನ್ನು ಅಕ್ಕ ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ. ಎಲ್ಲವೂ ಹಿರಿಮಕ್ಕಳ ಹೆಸರುಗಳೇ ಆಗಿದ್ದವು. ಯಾವ ಮಗು ಯಾರದೆಂದು ಗೊತ್ತಿದ್ದರೆ ಸಾಕಿತ್ತು.

ಆ ದಿನಗಳಲ್ಲಿ ಒಂದು ಭಾನುವಾರ ಬಬಲೇಶ್ವರಕ್ಕೆ ಹೋಗಿದ್ದೆ. ಅಕ್ಕ ಗೋಡೆಗೆ ದಿಂಬು ಆನಿಸಿ ಬೆಲ್ಟು ಕಟ್ಟಿಕೊಂಡು ಕುಳಿತಿದ್ದಳು. ಫೋನು ಒಂದು ಡಬ್ಬಿಗೆ ಒರಗಿಸಿತ್ತು. ನಾನು ಏನೋ ಕೇಳಿದರೆ, “ತಡಿ, ಈಗ ಹೊನವಾಡದಾಕಿ ಹೊಲಕ್ಕ ಹೊಂಟೇನಿ,” ಎಂದಳು. ಒಂದು ಖಾತೆಯಿಂದ ಹೊರಗೆ ಬರುವುದು, ಇನ್ನೊಂದರ ಒಳಗೆ ಹೋಗುವುದು. ನೀರು ಬಿಟ್ಟು, ಕಸ ತೆಗೆದು, ದನ ಕಟ್ಟಿ, ಮುಂದಿನವಳ ಹೊಲಕ್ಕೆ. ತನ್ನ ಹೊಲಕ್ಕೆ ಎಲ್ಲರದೂ ಆದ ಮೇಲೆ ಹೋಗುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ವೇಳೆಗೆ ಅವರು ಬುಟ್ಟಿಯಿಂದ ಫೋನು ತೆಗೆಯುತ್ತಾರೆಂದು ಒಬ್ಬೊಬ್ಬರಿಗೂ ವರದಿ ಒಪ್ಪಿಸುತ್ತಿದ್ದಳು.

“ನಿನ್ನ ಎಮ್ಮಿ ಈದೈತಿ ನೋಡಬೇ,” ಎಂದು ಹೊನವಾಡದವಳಿಗೆ ಹೇಳಿದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. “ಹೆಣ್ಣಗರಾನೋ ಗಂಡೋ ಯಕ್ಕಾ?”

“ಅದನ್ನ ತೋರಸಂಗಿಲ್ಲ ಇದರಾಗ.”

“ಹಂಗಾರ ಹೆಣ್ಣಂತ ತಿಳ್ಕೊ.”

ಒಳಗಿನಿಂದ ಅತ್ತೆಯ ಧ್ವನಿ ಬಂತು. “ಗಿಣ್ಣಾ ಕಳಸಂತ ಹೇಳಬೇ ಆಕಿಗೆ.”

ಬೆನ್ನು ನೋವು ಶುರುವಾದ ಮೇಲೆ ಅಕ್ಕ ಅಷ್ಟು ನೆಟ್ಟಗೆ ಕುಳಿತದ್ದನ್ನು ನಾನು ನೋಡಿದ್ದು ಅಂದೇ.

ಗುಂಪು ಮೇಲೇರಿತು. ಶೆಡ್ಡಿನ ಹಂಗಾಮ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಒಂದೇ ಹೊತ್ತಿಗೆ ಎಲ್ಲರ ಖಾತೆಗಳೂ ಮುಚ್ಚಿದವು.

ಕಂಪನಿಗೆ ನಾನು ಬರೆದ ಮೊದಲ ಮನವಿ ಒಂದು ವರದಿಯಂತೆಯೇ ಇತ್ತು. ಯಾರು, ಎಲ್ಲಿ, ಏಕೆ, ಹೇಗೆ. ಹಂಗಾಮಿನಲ್ಲಿ ಇವರಿಗೆ ಫೋನು ಮುಟ್ಟಲಾಗುವುದಿಲ್ಲ, ಬೆನ್ನು ನೋವಿನ ಹೆಂಗಸೊಬ್ಬಳು ಇವರ ಒಪ್ಪಿಗೆ ಪಡೆದು ಇವರ ಪರವಾಗಿ ಆಡಿದ್ದಾಳೆ, ಯಾರೂ ಏನನ್ನೂ ಮಾರಿಲ್ಲ, ಇದು ನಮ್ಮಲ್ಲಿ ಒಬ್ಬರಿಗೊಬ್ಬರು ಕೆಲಸಕ್ಕೆ ಹೋಗುವ ಪದ್ಧತಿ ಎಂದು ವಿವರಿಸಿದೆ. ವಿಶೇಷಣಗಳನ್ನು ಬಳಸಲಿಲ್ಲ. ಓದಿ ಮುಗಿಸಲು ಬೇಕಾಗುವಷ್ಟು ಹೊತ್ತೂ ಆಗಿರಲಿಲ್ಲ, ಉತ್ತರ ಬಂತು. ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ, ತೀರ್ಮಾನದಲ್ಲಿ ಬದಲಾವಣೆ ಇಲ್ಲ.

ಎರಡನೆಯ ಮನವಿಯಲ್ಲಿ ಒಪ್ಪಿಗೆಗೆ ಸಾಕ್ಷಿ ಕೊಟ್ಟೆ. ಖಾತೆಯ ಒಡತಿಯ ಫೋನಿಗೆ ಬಂದ ಸಂಖ್ಯೆಯನ್ನು ಅವಳೇ ಓದಿ ಹೇಳದಿದ್ದರೆ ಇನ್ನೊಬ್ಬಳು ಅದನ್ನು ತೆರೆಯಲು ಸಾಧ್ಯವೇ ಇರಲಿಲ್ಲ ಎಂದು ಬರೆದೆ. ಈ ಸಲ ಉತ್ತರ ಸ್ವಲ್ಪ ಉದ್ದವಿತ್ತು. ಆ ಸಂಖ್ಯೆಯನ್ನು ಇನ್ನೊಬ್ಬರಿಗೆ ಹೇಳುವುದೇ ನಿಯಮದ ಉಲ್ಲಂಘನೆ, ನಿಮ್ಮ ಪತ್ರದಿಂದ ಅದು ದೃಢಪಟ್ಟಿದೆ ಎಂದಿತ್ತು. ನಾನು ಒಪ್ಪಿಗೆಗೆಂದು ಒದಗಿಸಿದ ಸಾಕ್ಷಿ ತಪ್ಪಿಗೆ ಸಾಕ್ಷಿಯಾಗಿತ್ತು. ನಿಯಮಗಳನ್ನು ತೆರೆದು ನೋಡಿದೆ. ಇತ್ತು. ಒಂದು ಖಾತೆಯನ್ನು ಒಬ್ಬರೇ ಆಡಬೇಕು. ಆಟ ಶುರುಮಾಡುವಾಗ ಎಲ್ಲರೂ ಒಪ್ಪಿಗೆಯ ಗುಂಡಿ ಒತ್ತಿದ್ದರು. ಏನು ಬರೆದಿದೆ ಎಂದು ಯಾರೂ ಓದಿರಲಿಲ್ಲ, ಓದಿದ್ದರೂ ಅದು ಅವರಿಗೆ ಬರುವ ಭಾಷೆಯಲ್ಲಿರಲಿಲ್ಲ.

ನಮ್ಮಲ್ಲಿ ಮೊದಲು ಉಪಸಂಪಾದಕರಾಗಿದ್ದ ಮೈಸೂರಿನ ಕಡೆಯ ಒಬ್ಬರು ಪತ್ರಿಕೆ ಬಿಟ್ಟು, ಬೇರೊಂದು ಆಟದ ಕಂಪನಿಯ ದೂರು ವಿಭಾಗದಲ್ಲಿ ಕೆಲಸ ಮಾಡಿದ್ದರು. ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕೆಂದು ಅವರಿಗೆ ಫೋನ್ ಮಾಡಿದೆ.

“ಸರ್, ಒಂದು ಕೋಣೇಲಿ ಇಬ್ಬರು ಮೂವರು ಕೂತ್ಕೊಂಡು ರಾಶಿ ರಾಶಿ ಖಾತೆ ನಡೆಸ್ತಾರೆ. ಬೆಳೆಸಿ ಮಾರ್ತಾರೆ. ಅವರಿಂದ ನಿಜವಾಗಿ ಆಡೋರ ಆಟ ಹಾಳಾಗುತ್ತೆ,” ಎಂದರು. “ಹೊರಗಿನಿಂದ ನೋಡಿದ್ರೆ ಹೇಗೆ ಕಾಣುತ್ತೆ ಹೇಳಿ? ಒಂದೇ ಫೋನು, ಬೇರೆ ಬೇರೆ ಹೆಸರು, ದಿನಾ ಅದೇ ಹೊತ್ತು, ಅದೇ ಕ್ರಮ. ನಿಮ್ಮಕ್ಕನೂ ಹಾಗೇ ಕಾಣ್ತಾರೆ.”

“ವಿಚಾರಿಸಿದರೆ ಗೊತ್ತಾಗುತ್ತದಲ್ಲ?”

“ವಿಚಾರಿಸೋಕೆ ಜನ ಬೇಕಲ್ಲ ಸರ್. ಮನವಿ ಹಾಕೋರೆಲ್ಲ ನಾನು ಮಾಡಿಲ್ಲ ಅಂತಾನೇ ಬರೀತಾರೆ, ಅದರಲ್ಲಿ ಮುಕ್ಕಾಲು ಸುಳ್ಳು. ಮಾಡಿದೀನಿ, ಆದ್ರೆ ಅದು ತಪ್ಪಲ್ಲ ಅಂತ ಬರೆದೋರನ್ನ ನಾನು ನೋಡಿರಲೇ ಇಲ್ಲ. ಅದಕ್ಕೆ ಉತ್ತರ ಏನು ಅಂತ ಅಲ್ಲಿ ಯಾರಿಗೂ ಹೇಳಿಕೊಟ್ಟಿರಲ್ಲ.”

ಅವರ ಮಾತಿನಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ನಿಯಮ ಕೆಟ್ಟದ್ದಲ್ಲ. ಕಳ್ಳರನ್ನು ಹಿಡಿಯಲು ಮಾಡಿದ ಬಲೆ. ಆಟಗಾರರ ಒಳ್ಳೆಯದಕ್ಕೇ ಹಾಕಿದ್ದು. ಆದರೆ ಬಲೆಗೆ ಬಿದ್ದವರನ್ನು ಯಾರೂ ಬಂದು ನೋಡುವುದಿಲ್ಲ. ಹಿಡಿಯುವುದೂ ಯಂತ್ರ, ಕೇಳುವುದೂ ಯಂತ್ರ, ತೀರ್ಪು ಕೊಡುವುದೂ ಅದೇ. ತಾಲ್ಲೂಕು ಕಚೇರಿಯಲ್ಲಿ ಕೊನೆಗೆ ಬೈಯುವುದಕ್ಕಾದರೂ ಒಬ್ಬ ಗುಮಾಸ್ತ ಸಿಗುತ್ತಾನೆ. ನಾಳೆ ಬಾ ಎನ್ನುತ್ತಾನೆ, ನಾಳೆ ಹೋದರೆ ಮುಖ ನೆನಪಿರುತ್ತದೆ. ಇಲ್ಲಿ ಹೋಗುವುದಕ್ಕೆ ಬಾಗಿಲೇ ಇಲ್ಲ.

ಸುದ್ದಿಯಾದೀತೇ ಎಂದು ನಮ್ಮ ಮುಖ್ಯ ವರದಿಗಾರರನ್ನು ಕೇಳಿದೆ. ಪಾಪಡಿ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಲಿಲ್ಲ.

“ನಿಯಮ ಐತಿ. ಮುರದಾರ. ಹೊರಗ ಹಾಕ್ಯಾರ. ಇದರಾಗ ಸುದ್ದಿ ಯಾವದೋ? ನಿಮ್ಮಕ್ಕ ಅಂತಂದು ಸುದ್ದಿ ಏನು?”

ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಆ ಸಂಜೆ ಸಿದ್ಧೇಶ್ವರ ಗುಡಿಯ ಹಿಂದಿನ ನನ್ನ ಮನೆಗೆ ನಡೆದುಕೊಂಡು ಹೋಗುವಾಗ ಅಕ್ಕನಿಗೆ ಏನು ಹೇಳಬೇಕೆಂದು ಯೋಚಿಸಿದೆ. ಮರುದಿನ ಮತ್ತೊಂದು ಮನವಿ ಬರೆದೆ, ಅದಕ್ಕೂ ಅದೇ ಉತ್ತರ ಬಂತು.

ದಾರಿ ಸಿಕ್ಕಿದ್ದು ಮೇ ತಿಂಗಳಲ್ಲಿ. ಆಟದ ಸಹಾಯ ವಿಭಾಗದಲ್ಲಿ, ಮುಚ್ಚಿದ ಖಾತೆ ತೆರೆಸುವುದಕ್ಕೆ ಕಾರಣಗಳ ಒಂದು ಪಟ್ಟಿ ಕೊಟ್ಟಿದ್ದರು. ಬರೆಯುವಂತಿಲ್ಲ, ಒಂದನ್ನು ಒತ್ತಬೇಕು. ಇವರಿಗೆ ಹೊಂದುವಂಥದ್ದು ಒಂದೇ ಇತ್ತು. ನನ್ನ ಒಪ್ಪಿಗೆ ಇಲ್ಲದೆ ಬೇರೊಬ್ಬರು ನನ್ನ ಖಾತೆಯನ್ನು ಬಳಸಿದ್ದಾರೆ. ಒಪ್ಪಿಗೆಯಿಂದ ಬಳಸಿದ್ದಾರೆ ಎಂಬ ಸಾಲು ಎಲ್ಲಿಯೂ ಇರಲಿಲ್ಲ.

ಕಚೇರಿ ಕೆಲಸಕ್ಕೆ ಟಿಕೋಟಾಕ್ಕೆ ಹೋದವನು ಚಿಗವ್ವನ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತು ಆ ಸಾಲನ್ನು ಕನ್ನಡದಲ್ಲಿ ಹೇಳಿದೆ. ಓಣಿಯವರು ಕೂಡಿದ್ದರು. ಹೊನವಾಡದವಳು ಬಸ್ಸಿಗೆ ಬಂದಿದ್ದಳು. ಫೋನಿನಲ್ಲಿ ಅಕ್ಕ ಇದ್ದಳು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ್ದೆವು.

“ಇದನ್ನ ನಾ ಒತ್ತಂಗಿಲ್ಲ,” ಎಂದಳು ಚಿಗವ್ವನ ಮಗಳು. “ಕಳ್ಳಿ ಅಂತ ಬರಕೊಟ್ಟಂಗ ಆತು.”

“ಕಳ್ಳಿ ಅಂತ ಎಲ್ಲೈತಿ ಅದರಾಗ? ಒಪ್ಪಿಗಿ ಇಲ್ಲ ಅಂತ ಐತಿ,” ಎಂದಳು ಅಕ್ಕ.

“ಎರಡೂ ಒಂದ ಯಕ್ಕಾ.”

“ಅವರಿಗೆ ನಾ ಯಾರು? ನನ್ನ ಹೆಸರ ಗೊತ್ತೈತೋ, ಊರ ಗೊತ್ತೈತೋ? ಎಲ್ಲೋ ಕುಂತವರು. ಒತ್ರಿ ಸುಮ್ಮನ.”

“ಅಣ್ಣಾ, ನೀ ಪೇಪರದಾಂವ. ಬ್ಯಾರೆ ದಾರಿ ಇಲ್ಲೇನು?” ಎಂದು ಚಿಗವ್ವನ ಮಗಳು ನನ್ನನ್ನು ಕೇಳಿದಳು.

ಬರೆದು ನೋಡಿದೆ, ಇಲ್ಲ ಎಂದೆ.

ಹೊನವಾಡದವಳು ತನ್ನ ಫೋನು ಕೈಯಲ್ಲಿ ತಿರುಗಿಸುತ್ತಾ, “ನನ್ನ ಎಮ್ಮಿ ಕರಾ ಅದಾವ ಅದರಾಗ,” ಎಂದಳು. ಯಾರೂ ನಗಲಿಲ್ಲ.

“ಒತ್ತಬೇ,” ಎಂದಳು ಅಕ್ಕ. “ನಿಮ್ಮ ಹೊಲಾ ನನ್ನ ಕೈಯಾಗ ಇದ್ದಾಗ ಹೋಗ್ಯಾವು. ಅವು ಬಂದ್ರ ನನಗ ನಿದ್ದಿ ಬರತೈತಿ.”

ಹೊನವಾಡದವಳು ಒತ್ತಿದಳು. ಒಬ್ಬೊಬ್ಬರಾಗಿ ಎಲ್ಲರೂ ಒತ್ತಿದರು. ಸಾಲು ಎಲ್ಲಿದೆ ಎಂದು ನಾನು ಬೆರಳಿಟ್ಟು ತೋರಿಸುತ್ತಾ ಹೋದೆ. ಚಿಗವ್ವನ ಮಗಳು ಕೊನೆಯವಳು. ಒತ್ತಿದ ಮೇಲೆ ಫೋನನ್ನು ಮಗ್ಗುಲಲ್ಲಿ ಬೋರಲು ಹಾಕಿ ಚಹಾ ಮಾಡಲು ಒಳಗೆ ಹೋದಳು.

ಖಾತೆಗಳು ಮರುದಿನವೇ ತೆರೆದವು. ನಾನು ಅಷ್ಟೊಂದು ಪತ್ರಗಳಲ್ಲಿ ಬರೆದ ನಿಜಕ್ಕೆ ಆಗದೆ ಇದ್ದದ್ದು ಬೆರಳಿನ ಒಂದು ಒತ್ತಿಗೆ ಆಗಿತ್ತು. ನಿಮಗೆ ಆದ ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಖಾತೆಯನ್ನು ದುರ್ಬಳಕೆ ಮಾಡಿದ ಫೋನನ್ನು ಶಾಶ್ವತವಾಗಿ ನಿರ್ಬಂಧಿಸಲಾಗಿದೆ ಎಂಬ ಸಂದೇಶ ಎಲ್ಲರಿಗೂ ಬಂತು. ಆ ಫೋನು ಅಕ್ಕನದು. ಹೊಸ ಹೆಸರಿನಲ್ಲಿ ಕೂಡ ಅವಳು ಅದರಲ್ಲಿ ಆಟ ತೆರೆಯುವಂತಿರಲಿಲ್ಲ. ಅವಳ ಖಾತೆಗೆ ಒತ್ತಲು ಯಾವ ಕಾರಣವೂ ಇರಲಿಲ್ಲ, ಅದನ್ನು ಆಡಿದ್ದವಳು ಅವಳೇ ಆಗಿದ್ದಳು. ಅವಳ ಪರವಾಗಿ ನಾನು ಬರೆದ ಕೊನೆಯ ಪತ್ರಕ್ಕೆ, ಈ ವಿಷಯದಲ್ಲಿ ಇನ್ನು ಮುಂದೆ ಉತ್ತರಿಸಲಾಗುವುದಿಲ್ಲ ಎಂದು ಬಂತು. ಹೇಳಿದಂತೆಯೇ ನಡೆದುಕೊಂಡರು.

ಹೆಂಗಸರ ಮಾತೆಲ್ಲ ಆಟದ ಗುಂಪಿನಲ್ಲೇ ನಡೆಯುತ್ತಿತ್ತು. ಅಕ್ಕ ಅದರಲ್ಲಿ ಇಲ್ಲವಾದ್ದರಿಂದ ಮಾತು ಅವಳನ್ನು ಬಿಟ್ಟು ನಡೆಯತೊಡಗಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಮೊದಮೊದಲು ಪ್ರತ್ಯೇಕವಾಗಿ ಫೋನ್ ಮಾಡುತ್ತಿದ್ದರು, ಆಮೇಲೆ ಕಡಿಮೆಯಾಯಿತು. ಅತ್ತೆ ಕೂಡ ಮೊದಲಿನಂತೆ ಹಂಗಿಸುತ್ತಿರಲಿಲ್ಲ. “ಸುಮ್ಮನ ಗ್ವಾಡಿ ನೋಡಕೋತ ಕುಂದರತಾಳಪಾ,” ಎಂದರು ಒಮ್ಮೆ. “ಆ ಫೋನಿನ ಹೊಲಾರ ಇದ್ದಿದ್ರ ಛಲೋ ಇತ್ತು.”

ಅಕ್ಟೋಬರು ಮತ್ತೆ ಬಂತು. ಚಾಟ್ನಿ ಆಗಿತ್ತು, ಚಿಗುರು ಬರುತ್ತಿತ್ತು. ಟಿಕೋಟಾದವರಿಗೆ ಹೇಳು ಎಂದು ಮಾಮಾ, ನನ್ನ ಅಕ್ಕನ ಗಂಡ, ಹೇಳುತ್ತಲೇ ಇದ್ದರು. ಅಕ್ಕ ಹೇಳಲಿಲ್ಲ. ನಾನು ಅವಳನ್ನು ವಿಜಯಪುರದ ಡಾಕ್ಟರಿಗೆ ತೋರಿಸಿ ವಾಪಸ್ ಬಬಲೇಶ್ವರಕ್ಕೆ ಬಿಡಲು ಹೋದ ದಿನ ಚಿಗವ್ವನ ಮಗಳೇ ಫೋನ್ ಮಾಡಿದಳು. ಕೈಯಲ್ಲಿ ಗುಳಿಗೆಯ ಚೀಲವಿದ್ದುದರಿಂದ ಅಕ್ಕ ಸ್ಪೀಕರ್ ಹಾಕಿ ಫೋನನ್ನು ಹೊರಸಿನ ಮೇಲಿಟ್ಟಳು.

“ಯಾವಾಗ ಬರೂಣು ಯಕ್ಕಾ? ಗಾಡಿ ಹೇಳೇನಿ.”

“ಈ ವರ್ಷ ಬ್ಯಾಡಬೇ. ಹೋದ ವರ್ಷದ ಮುಯ್ಯಿ ಹಂಗ ಐತಿ. ಅದರ ಮ್ಯಾಲ ಇನ್ನೊಂದು ಬ್ಯಾಡ.”

“ಹೋದ ವರ್ಷದ್ದು ತೀರೇತಿ. ಶೆಡ್ಡಿನ ಹಂಗಾಮ ಪೂರಾ ನೀನ ನಮ್ಮ ಹೊಲಾ ನೋಡೀದಿ. ಅದೇನು ಮುಯ್ಯಿ ಅಲ್ಲೇನು?”

“ನೀವು ಹಂಗ ಬರಕೊಟ್ಟಿಲ್ಲಲ್ಲ.”

ಅಕ್ಕನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚಿಗವ್ವನ ಮಗಳಿಗೆ ಜಗಳವಾಡಲು ಬರುತ್ತಿತ್ತು.

“ಒಪ್ಪಿಗಿ ಇಲ್ಲದ ಮಾಡ್ಯಾಳ ಅಂತ ಎಲ್ಲಾರೂ ಒತ್ತೀರಿ. ನಾನ ಒತ್ತ ಅಂದೇನಿ, ನಿಮ್ಮದೇನೂ ತಪ್ಪಿಲ್ಲ,” ಎಂದಳು ಅಕ್ಕ. “ಆದ್ರ ಒಪ್ಪಿಗಿ ಇಲ್ಲದ ಮಾಡಿದ್ದು ಮುಯ್ಯಿ ಆಗಂಗಿಲ್ಲ. ಯಾರೋ ಕರೀಲಾರದ ಹೊಲಕ್ಕ ಹೋಗಿ ಕೆಲಸಾ ಮಾಡಿದ್ರ ಅದನ್ನ ಮುಯ್ಯಿ ಅಂತೇವೇನು?”

“ಫೋನಿಗೆ ಹೇಳಿದ್ದು ಫೋನಿಗೆ ಯಕ್ಕಾ. ನಮಗೂ ನಿನಗೂ ಅದೇನು?”

“ನನಗ ಹಂಗ ಅನಸವಲ್ದು.”

ಮಾಮಾ ಬಾಗಿಲಲ್ಲಿ ನಿಂತು ತೋಟದ ಕಡೆ ನೋಡುತ್ತಿದ್ದರು. ಚಿಗುರು ಯಾರಿಗೂ ಕಾಯುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಅಕ್ಕ, “ಬರ್ರಿ,” ಎಂದಳು. “ಆದ್ರ ಶೆಡ್ಡಿನ ಹಂಗಾಮಕ್ಕ ನಾ ಬರಾಕಿ. ಹೋದ ವರ್ಷದ್ದೂ ಈ ವರ್ಷದ್ದೂ ಕೂಡೇ ತೀರಸಾಕಿ. ಹೂಂ ಅಂದ್ರ ಬರ್ರಿ.”

“ನಿನ್ನ ಬೆನ್ನು?”

“ಹೂಂ ಅಂತೀಯೋ ಇಲ್ಲೋ?”

ಅವಳು ಹೂಂ ಎಂದಳು. ಗಾಡಿ ಬಂತು, ಕೆಲಸ ಆಯಿತು.

ಮಾರ್ಚಿನಲ್ಲಿ ಒಣದ್ರಾಕ್ಷಿ ದರದ ಬಗ್ಗೆ ಬರೆಯಲು ನಾನು ಟಿಕೋಟಾದ ಕಡೆ ಹೋಗಿದ್ದೆ. ಓಣಿಯವರು ಹೋಗುವ ಶೆಡ್ಡೂ ದಾರಿಯಲ್ಲೇ ಇತ್ತು. ತಗಡಿನ ಕೆಳಗೆ ಹೆಂಗಸರು ನೆಲದ ಮೇಲೆ ಸಾಲಾಗಿ ಕುಳಿತು ಹಣ್ಣು ಆರಿಸುತ್ತಿದ್ದರು. ಸಾಲಿನ ಕೊನೆಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಬೆಲ್ಟು ಕಟ್ಟಿಕೊಂಡು ಅಕ್ಕ. ತಟ್ಟೆ ತೊಡೆಯ ಮೇಲಿತ್ತು. ಆರಿಸಿದ್ದನ್ನು ಅವಳು ದಿನಕ್ಕೊಬ್ಬಳ ರಾಶಿಗೆ ಹಾಕುತ್ತಿದ್ದಳು. ತೂಕ ಆ ದಿನ ಆ ರಾಶಿಯವಳ ಹೆಸರಿಗೆ ಹೋಗುತ್ತಿತ್ತು. ತೀರಿಸಿದ್ದನ್ನೇ ಮತ್ತೊಮ್ಮೆ ತೀರಿಸುತ್ತಿದ್ದಳು. ಮಗ್ಗುಲು ಬದಲಿಸುವಾಗ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

“ಬಂದ್ಯಾ ತಮ್ಮಾ? ದರಾ ಏನಂತಾರ?”

ನಾನು ಕೇಳ್ಪಟ್ಟದ್ದನ್ನು ಹೇಳಿದೆ. ಮನೆಗೆ ಬಾ, ಬೆನ್ನು ಕೆಡುತ್ತದೆ ಎಂದು ಹೇಳಬೇಕೆಂದಿದ್ದೆ. ಅಷ್ಟು ಜನರ ಎದುರು ಹೇಳಲಿಲ್ಲ.

ಬುತ್ತಿಯ ಹೊತ್ತಾಯಿತು. ಹೆಂಗಸರು ಕೈ ತೊಳೆದು ಬುಟ್ಟಿಯಿಂದ ತಮ್ಮ ತಮ್ಮ ಫೋನು ತೆಗೆದುಕೊಂಡರು. ಆಟ ತೆರೆದು ಗಡಿಬಿಡಿಯಲ್ಲಿ ನೀರು ಬಿಡತೊಡಗಿದರು. ಹೊನವಾಡದವಳು ರೊಟ್ಟಿ ಮುರಿಯುತ್ತಲೇ ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದಳು. ಚಿಗವ್ವನ ಮಗಳು ಪರದೆ ನೋಡುತ್ತಾ ಎದ್ದು ಅಕ್ಕನ ಕುರ್ಚಿಯ ಹತ್ತಿರ ಬಂದಳು.

“ಇದೊಂದ ಹಂತಾ ದಾಟಿಸಿ ಕೊಡ ಯಕ್ಕಾ. ಬಾವಿಗೆ ಕಟ್ಟಿ ಕಟ್ಟೂದು. ನಮಗ ಯಾರಿಗೂ ಆಗವಲ್ದು, ನಿನಗಷ್ಟ ಬರತೈತಿ,” ಎಂದು ಫೋನು ಮುಂದೆ ಹಿಡಿದಳು.

ಅಕ್ಕ ಪರದೆ ನೋಡಿದಳು. ಹೇಗೆ ಮಾಡಬೇಕೆಂಬುದು ಅವಳಿಗೆ ನೋಡಿದ ಕೂಡಲೇ ಹೊಳೆದದ್ದು ಮುಖದ ಮೇಲೆ ಕಂಡಿತು.

“ಕೈ ಜಿಗಟ ಆಗ್ಯಾವಬೇ,” ಎಂದಳು.

ಕುರ್ಚಿಯ ಕೈಯ ಮೇಲೆ ಒಂದು ಹಸಿ ಅರಿವೆ ಇತ್ತು. ಚಿಗವ್ವನ ಮಗಳು ಅದನ್ನು ಎತ್ತಿ ಅಕ್ಕನ ಮುಂದೆ ಹಿಡಿದಳು. ಅಕ್ಕ ತೆಗೆದುಕೊಂಡಳು. ಒಂದೊಂದೇ ಬೆರಳನ್ನು ಬಿಡಿಸಿ ಒರೆಸಿಕೊಂಡಳು. ಚಿಗವ್ವನ ಮಗಳು ಫೋನು ಹಿಡಿದುಕೊಂಡೇ ನಿಂತಿದ್ದಳು. ಅಕ್ಕ ಅರಿವೆಯನ್ನು ಮಡಚಿ ಇದ್ದಲ್ಲೇ ಇಟ್ಟು, ತಟ್ಟೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

“ಇವತ್ತಿಂದು ಯಾರ ರಾಶಿ?” ಎಂದು ಕೇಳಿದಳು.